ಸಿಲಿಂಡರನ್ನು ಮಲಗಿಸಬೇಡಿ: ಹೊರಾಂಗಣದ ವೋಕ್ ಬರ್ನರ್ ಕುರಿತ ಪ್ರಶ್ನೆಗಳಿಗೆ ಉತ್ತರ

ಮನೆಯ ಹೊರಗೆ ಪ್ರೊಪೇನ್ ಬರ್ನರ್ ಇಟ್ಟುಕೊಂಡು ದೊಡ್ಡ ಬಾಣಲೆಯಲ್ಲಿ ಅಡುಗೆ ಮಾಡುವವರು ಕಳಿಸಿದ ಪ್ರಶ್ನೆಗಳು ನನ್ನ ಮುಂದಿವೆ. ಬಹುತೇಕ ಎಲ್ಲರೂ ಜ್ವಾಲೆಯ ಬಗ್ಗೆಯೇ ಕೇಳಿದ್ದಾರೆ: ಎತ್ತರ ಸಾಲದು, ಬಣ್ಣ ಸರಿಯಿಲ್ಲ, ಸದ್ದು ಕಡಿಮೆ. ಆ ಜ್ವಾಲೆಗೆ ಅನಿಲ ಬರುವ ದಾರಿಯ ಬಗ್ಗೆ, ಅಂದರೆ ಸಿಲಿಂಡರ್, ರೆಗ್ಯುಲೇಟರ್ ಮತ್ತು ಪೈಪಿನ ಬಗ್ಗೆ ಕೇಳಿದವರು ಕಡಿಮೆ. ನಾನು ಕಂಡ ಅವಘಡಗಳೆಲ್ಲ ಆ ದಾರಿಯಲ್ಲೇ ಶುರುವಾದವು. ಹಾಗಾಗಿ ಬರ್ನರ್ ಜೋಡಿಸುವುದು ಹೇಗೆ, ಹೊತ್ತಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ಬರ್ನರ್ ಜತೆ ಬಂದ ಕೈಪಿಡಿಯಲ್ಲಿದೆ. ದಯವಿಟ್ಟು ಓದಿ.

ಶುರುವಿನಲ್ಲಿ ಜ್ವಾಲೆ ಭೋರ್ಗರೆಯುತ್ತದೆ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಸೊರಗುತ್ತದೆ. ಸಿಲಿಂಡರಿನ ಕೆಳಭಾಗಕ್ಕೆ ಹಿಮ ಹಿಡಿದಿರುತ್ತದೆ, ಎತ್ತಿ ನೋಡಿದರೆ ಇನ್ನೂ ಭಾರವಿದೆ. ಅಡ್ಡ ಮಲಗಿಸಿ, ಇಲ್ಲವೇ ಬಿಸಿನೀರು ಸುರಿಯಿರಿ ಎಂದು ಪರಿಚಿತ ಮೆಕ್ಯಾನಿಕ್ ಹೇಳಿದರು. ಹಾಗೆ ಮಾಡಬಹುದೇ?

ಮಲಗಿಸಬೇಡಿ. ಹಾಗೆ ಹೇಳಿದ ಮೆಕ್ಯಾನಿಕ್ ಕೈಗೆ ಇನ್ನು ಮುಂದೆ ನಿಮ್ಮ ಬರ್ನರನ್ನು ಕೊಡಬೇಡಿ.

ಈ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ಬಂದಿದೆ ಎಂದರೆ, ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ. ಸಿಲಿಂಡರಿನಲ್ಲಿ ಇರುವುದು ಬಹುಪಾಲು ದ್ರವ. ಅದರ ಮೇಲೆ ಉಳಿದ ಜಾಗದಲ್ಲಿ ಮಾತ್ರ ಅನಿಲ. ನೀವು ವಾಲ್ವ್ ತೆರೆದಾಗ ಮೇಲಿನ ಅನಿಲ ಹೊರಗೆ ಹೋಗುತ್ತದೆ, ಆ ಕೊರತೆಯನ್ನು ತುಂಬಲು ಕೆಳಗಿನ ದ್ರವ ಕುದಿಯುತ್ತದೆ. ಪ್ರೊಪೇನ್ ಸಾಮಾನ್ಯ ವಾಯುಒತ್ತಡದಲ್ಲಿ ಮೈನಸ್ 42 ಡಿಗ್ರಿಯಲ್ಲೇ ಕುದಿಯುವ ವಸ್ತು, ಆದ್ದರಿಂದ ಕುದಿಯಲು ಅದಕ್ಕೆ ಒಲೆ ಬೇಕಿಲ್ಲ. ಆದರೆ ಶಾಖ ಬೇಕೇ ಬೇಕು. ಆ ಶಾಖವನ್ನು ಅದು ತನ್ನಿಂದಲೇ, ಸಿಲಿಂಡರಿನ ಲೋಹದಿಂದ, ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ.

ಅಡುಗೆಮನೆಯ ಒಲೆಯ ದೊಡ್ಡ ಬರ್ನರ್ ಸುಮಾರು 3 ಕಿಲೋವ್ಯಾಟ್ ಶಾಖ ಕೊಡುತ್ತದೆ. ಅದಕ್ಕೆ ಬೇಕಾದಷ್ಟು ಅನಿಲವನ್ನು ಸಿಲಿಂಡರ್ ಸಲೀಸಾಗಿ ಒದಗಿಸುತ್ತದೆ. ಹೊರಾಂಗಣದ ವೋಕ್ ಬರ್ನರ್ 30 ಕಿಲೋವ್ಯಾಟ್ ಇರುವುದು ಸಾಮಾನ್ಯ. ಪೂರ್ಣ ಉರಿಯಲ್ಲಿ ಅದು ಗಂಟೆಗೆ ಎರಡು ಕಿಲೋ ಮೀರಿ ಪ್ರೊಪೇನ್ ನುಂಗುತ್ತದೆ. ಅಷ್ಟು ದ್ರವ ಆವಿಯಾಗಲು ಸಿಲಿಂಡರಿನ ಗೋಡೆಯ ಮೂಲಕ ಒಂದೇ ಸಮನೆ ಕಾಲು ಕಿಲೋವ್ಯಾಟಿನಷ್ಟು ಶಾಖ ಒಳಗೆ ಹರಿಯಬೇಕು. ಸಣ್ಣ ಸಿಲಿಂಡರಿಗೆ ಅದು ಆಗದ ಮಾತು. ದ್ರವ ತಣ್ಣಗಾಗುತ್ತಾ ಹೋಗುತ್ತದೆ, ಹೊರಗಿನ ಗಾಳಿಯ ತೇವ ಲೋಹದ ಮೇಲೆ ಹಿಮವಾಗಿ ಕೂರುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. 20 ಡಿಗ್ರಿಯಲ್ಲಿ ಪ್ರೊಪೇನಿನ ಒತ್ತಡ ಹೊರಗಿನದಕ್ಕಿಂತ 7 ಬಾರ್‌ನಷ್ಟು ಹೆಚ್ಚಿರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಾಮಾನ್ಯ ವಾಯುಒತ್ತಡದಷ್ಟು). ಮೈನಸ್ 20ಕ್ಕೆ ಇಳಿದರೆ ಒಂದೂವರೆ ಬಾರ್ ಕೂಡ ಉಳಿಯುವುದಿಲ್ಲ. ಆಗ ನಿಮ್ಮ ರೆಗ್ಯುಲೇಟರನ್ನು ಎಷ್ಟು ತಿರುಗಿಸಿದರೂ ಜ್ವಾಲೆ ಏಳುವುದಿಲ್ಲ. ಬ್ಯೂಟೇನ್ ಬೆರೆತ ಎಲ್‌ಪಿಜಿ ಆಗಿದ್ದರೆ ಸ್ಥಿತಿ ಇನ್ನೂ ಕಷ್ಟ. ಬ್ಯೂಟೇನ್ ಕುದಿಯುವುದೇ ಸೊನ್ನೆ ಡಿಗ್ರಿಯ ಹತ್ತಿರ. ಪ್ರೊಪೇನ್ ಬೇಗ ಆವಿಯಾಗಿ ಹೋಗುತ್ತದೆ, ಬ್ಯೂಟೇನ್ ತಳದಲ್ಲಿ ಉಳಿದುಬಿಡುತ್ತದೆ.

ಹಿಮದ ಮೇಲಂಚನ್ನು ಒಮ್ಮೆ ಗಮನಿಸಿ. ಸಿಲಿಂಡರಿನ ಸುತ್ತ ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆದಂತೆ ಅದು ನೆಟ್ಟಗೆ ನಿಂತಿರುತ್ತದೆ. ದ್ರವ ಇರುವುದು ಆ ಗೆರೆಯವರೆಗೆ. ಗೆರೆ ಕೆಳಗಿಳಿದಷ್ಟೂ ಶಾಖ ಎಳೆದುಕೊಳ್ಳುವ ಗೋಡೆಯೂ ಕಡಿಮೆ. ಅರ್ಧ ಖಾಲಿಯಾದ ಸಿಲಿಂಡರ್ ಬೇಗ ಸೊರಗುವುದು ಇದಕ್ಕೇ. ಅನಿಲ ಕಡಿಮೆಯಾದರೆ ಒತ್ತಡ ಕಡಿಮೆ ಎಂಬ ನಂಬಿಕೆ ತಪ್ಪು. ಒಂದು ಲೋಟ ದ್ರವ ಉಳಿದಿದ್ದರೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ.

ಈಗ ಮಲಗಿಸುವ ವಿಚಾರ. ಮಲಗಿಸಿದರೆ ವಾಲ್ವಿನ ಬಾಯಿಗೆ ಅನಿಲದ ಬದಲು ದ್ರವ ಬರುತ್ತದೆ. ಆ ದ್ರವ ಆವಿಯಾದರೆ ಸುಮಾರು 270 ಪಟ್ಟು ಹಿಗ್ಗುತ್ತದೆ. ನಿಮ್ಮ ರೆಗ್ಯುಲೇಟರ್, ಪೈಪು, ಜೆಟ್ (ಬರ್ನರಿನೊಳಕ್ಕೆ ಅನಿಲ ಚಿಮ್ಮುವ ಸಣ್ಣ ರಂಧ್ರದ ತುಣುಕು) ಯಾವುದೂ ದ್ರವಕ್ಕಾಗಿ ಮಾಡಿದವಲ್ಲ. ಹೆಚ್ಚಾದ ಒತ್ತಡವನ್ನು ಹೊರಹಾಕುವ ಸುರಕ್ಷತಾ ವಾಲ್ವ್ ಕೂಡ ಅನಿಲದ ಜಾಗದಲ್ಲಿದ್ದಾಗ ಮಾತ್ರ ತನ್ನ ಕೆಲಸ ಸರಿಯಾಗಿ ಮಾಡುತ್ತದೆ. ಮಲಗಿಸಿದಾಗ ಅದೂ ದ್ರವದಲ್ಲಿ ಮುಳುಗಿರಬಹುದು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ದೊಡ್ಡ ಕೂಟದ ಅಡುಗೆ. ಸಿಲಿಂಡರನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡ ಮಲಗಿಸಿದ್ದರು. ನಾನು ಮೊದಲು ಗಮನಿಸಿದ್ದು ಪೈಪನ್ನು. ಕಪ್ಪು ರಬ್ಬರಿನ ಮೇಲೆ, ರೆಗ್ಯುಲೇಟರಿನಿಂದ ಒಂದು ಗೇಣು ದೂರದವರೆಗೆ, ಬಿಳಿ ಹಿಮ ಹತ್ತಿತ್ತು. ಸಿಲಿಂಡರಿಗೆ ಹಿಮ ಹಿಡಿದರೆ ಅದು ಸಹಜ. ಪೈಪಿಗೆ ಹೀಗೆ ಹಿಡಿದರೆ ಒಳಗೆ ದ್ರವ ಹರಿಯುತ್ತಿದೆ ಎಂದು ತಿಳಿಯಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಜ್ವಾಲೆ ಎರಡು ಸಲ ಕೆಮ್ಮಿದಂತೆ ಸದ್ದು ಮಾಡಿ, ನಿಂತಿದ್ದವರ ತಲೆಯಿಂದ ಮೇಲಕ್ಕೆದ್ದಿತು. ಸೌಟು ಹಿಡಿದಿದ್ದವರು ಹಿಂದಕ್ಕೆ ಹಾರಿದರು. ಹುಬ್ಬಿನ ಕೂದಲು ಸುಟ್ಟದ್ದು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ, ಪುಣ್ಯ. ಸಿಲಿಂಡರಿನ ವಾಲ್ವ್ ಮುಚ್ಚಿದ ಮೇಲೂ ಜ್ವಾಲೆ ಕೂಡಲೇ ಇಳಿಯಲಿಲ್ಲ. ಪೈಪಿನೊಳಗೆ ಉಳಿದಿದ್ದ ದ್ರವ ಆವಿಯಾಗಿ ಉರಿದು ಮುಗಿಯುವವರೆಗೆ ನಾವು ದೂರ ನಿಂತು ನೋಡಬೇಕಾಯಿತು.

ಅಡ್ಡ ಮಲಗಿಸಿಯೇ ಬಳಸುವ ಸಿಲಿಂಡರುಗಳೂ ಇವೆಯಲ್ಲ ಎಂದು ವಾದಿಸುವವರಿದ್ದಾರೆ. ಇವೆ, ಫೋರ್ಕ್‌ಲಿಫ್ಟ್ ಯಂತ್ರಗಳ ಮೇಲೆ. ಆ ಎಂಜಿನ್‌ಗಳಿಗೆ ದ್ರವವನ್ನು ಆವಿಯಾಗಿಸುವ ಪ್ರತ್ಯೇಕ ಸಾಧನವೇ ಇರುತ್ತದೆ. ನಿಮ್ಮ ಬರ್ನರಿಗೆ ಅದಿಲ್ಲ.

ಬಿಸಿನೀರಿನ ವಿಚಾರದಲ್ಲಿ ನಾನು ಅತಿ ಎಚ್ಚರದವನು ಎಂದು ಕೆಲವರು ದೂರುತ್ತಾರೆ. ಉಗುರು ಬೆಚ್ಚಗಿನ ನೀರಿನಲ್ಲಿ ಸಿಲಿಂಡರನ್ನು ನಿಲ್ಲಿಸಿದರೆ ಒತ್ತಡ ಏರುತ್ತದೆ ಎಂಬುದು ನಿಜ. ಆದರೂ ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಇಂದು ಉಗುರು ಬೆಚ್ಚಗಿದ್ದ ನೀರು ನಾಳೆ ಆತುರದಲ್ಲಿ ಕುದಿಯುವ ನೀರಾಗುತ್ತದೆ, ನಾಡಿದ್ದು ಸಿಲಿಂಡರಿನ ಪಕ್ಕದಲ್ಲಿ ಕೆಂಡ ಇಡುವವರೂ ಹುಟ್ಟಿಕೊಳ್ಳುತ್ತಾರೆ. 50 ಡಿಗ್ರಿಯಲ್ಲೇ ಒಳಗಿನ ಒತ್ತಡ 16 ಬಾರ್ ಆಸುಪಾಸಿಗೆ ಏರುತ್ತದೆ. ಕಂಬಳಿ ಸುತ್ತುವುದರಿಂದಲೂ ಪ್ರಯೋಜನವಿಲ್ಲ, ನಷ್ಟವೇ. ಸಿಲಿಂಡರಿಗೆ ಶಾಖ ಬರುವುದು ಹೊರಗಿನ ಗಾಳಿಯಿಂದ, ಕಂಬಳಿ ಆ ದಾರಿಯನ್ನೇ ಮುಚ್ಚುತ್ತದೆ.

ಮಾಡಬೇಕಾದದ್ದು ಇಷ್ಟು. ದೊಡ್ಡ ಸಿಲಿಂಡರ್ ಬಳಸಿ. ಹೆಚ್ಚು ಹೊತ್ತಿನ ಅಡುಗೆಗೆ ತುಂಬಿದ ಸಿಲಿಂಡರಿನಿಂದಲೇ ಶುರುಮಾಡಿ. ಅದೂ ಸಾಲದಿದ್ದರೆ, ಅಧಿಕೃತ ತಂತ್ರಜ್ಞರಿಂದ ಎರಡು ಸಿಲಿಂಡರುಗಳನ್ನು ಸಮಾನಾಂತರವಾಗಿ ಜೋಡಿಸಿಕೊಳ್ಳಿ. ಆಗ ಒಂದೊಂದರ ಮೇಲಿನ ಹೊರೆ ಅರ್ಧವಾಗುತ್ತದೆ. ಒಂದು ಬಾಣಲೆ ಇಳಿಸಿ ಇನ್ನೊಂದು ಏರಿಸುವ ನಡುವೆ ಉರಿ ತಗ್ಗಿಸಿ. ಖಾಲಿ ಒಲೆ ಪೂರ್ಣ ಉರಿಯಲ್ಲಿ ಭೋರ್ಗರೆಯುತ್ತಿರುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಅನಿಲದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಒಂದು ವ್ಯತ್ಯಾಸ ತಿಳಿದಿರಲಿ. ಜ್ವಾಲೆ ಮೊದಲಿನಿಂದಲೇ ಕುಬ್ಜವಾಗಿದ್ದು ಹಿಮವೇ ಇಲ್ಲದಿದ್ದರೆ ಕಾರಣ ಬೇರೆ. ಕೆಲವು ಜೋಡಣೆಗಳಲ್ಲಿ ಅತಿಹರಿವನ್ನು ತಡೆಯುವ ಸಾಧನ ಇರುತ್ತದೆ. ಬರ್ನರಿನ ನಾಬ್ ತೆರೆದಿಟ್ಟು ಸಿಲಿಂಡರಿನ ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ, ಪೈಪು ಹರಿದಿದೆ ಎಂದು ಭಾವಿಸಿ ಅದು ಅನಿಲವನ್ನು ಕಟ್ಟಿಹಾಕುತ್ತದೆ. ಎಲ್ಲವನ್ನೂ ಮುಚ್ಚಿ, ಕೆಲವು ನಿಮಿಷ ಬಿಟ್ಟು, ನಾಬ್ ಮುಚ್ಚಿರುವಾಗಲೇ ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಇಷ್ಟಕ್ಕೇ ಸರಿಹೋಗುವುದನ್ನು ಕೆಟ್ಟಿದೆ ಎಂದುಕೊಂಡು ರೆಗ್ಯುಲೇಟರನ್ನೇ ಕಿತ್ತುಹಾಕಿ ನೇರವಾಗಿ ಜೋಡಿಸುವವರಿದ್ದಾರೆ. ಅದಕ್ಕಿಂತ ದೊಡ್ಡ ಅಪರಾಧ ಈ ವಿಷಯದಲ್ಲಿ ಇನ್ನೊಂದಿಲ್ಲ.

ಜೆಟ್ಟಿನ ರಂಧ್ರವನ್ನು ಡ್ರಿಲ್‌ನಿಂದ ದೊಡ್ಡದು ಮಾಡಿಸಿದರೆ ಉರಿ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಹೊಗೆಯೂ ಮಸಿಯೂ ಕಾರ್ಬನ್ ಮೊನಾಕ್ಸೈಡೂ ಜತೆಗೇ ಹೆಚ್ಚುತ್ತವೆ. ಬೇಡ.

ನಾಲ್ಕು ತಿಂಗಳು ಮೂಲೆಯಲ್ಲಿದ್ದ ಬರ್ನರ್ ಈಗ ಹಳದಿ ಜ್ವಾಲೆ ಕೊಡುತ್ತಿದೆ. ಒಮ್ಮೆ ನಾಬಿನ ಹತ್ತಿರವೂ ಬೆಂಕಿ ಕಾಣಿಸಿತು.

ಕೂಡಲೇ ಬಳಕೆ ನಿಲ್ಲಿಸಿ. ಅನಿಲವೂ ಗಾಳಿಯೂ ಬೆರೆಯುವ ಕೊಳವೆಯಲ್ಲಿ ಜೇಡ ಬಲೆ ಕಟ್ಟಿರಬಹುದು, ಕಣಜ ಮಣ್ಣಿನ ಗೂಡು ಮಾಡಿರಬಹುದು. ದಾರಿ ಕಟ್ಟಿಕೊಂಡಾಗ ಅನಿಲ ಗಾಳಿಯ ಕಿಂಡಿಯಿಂದ ಹಿಂದಕ್ಕೆ ಸೋರಿ ಅಲ್ಲೇ ಹೊತ್ತಿಕೊಳ್ಳುತ್ತದೆ. ಪೈಪು ಬಿಚ್ಚಿ, ಕೊಳವೆಯನ್ನು ಕಳಚಿ, ಬಾಟಲಿ ತೊಳೆಯುವಂಥ ಉದ್ದನೆಯ ಕುಂಚದಿಂದ ಎರಡೂ ತುದಿಯಿಂದ ಉಜ್ಜಿ, ಬೆಳಕಿಗೆ ಹಿಡಿದು ಆರಪಾರು ಕಾಣುತ್ತದೆಯೇ ನೋಡಿ. ಜೆಟ್ಟಿಗೆ ಉಕ್ಕಿನ ಸೂಜಿ ತುರುಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ರಂಧ್ರ ಅಗಲವಾಗುತ್ತದೆ. ಇಷ್ಟಾದ ಮೇಲೂ ಹಳದಿ ಉಳಿದರೆ ಗಾಳಿಯ ಕಿಂಡಿಯನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋಗಿ. ಜ್ವಾಲೆ ನೀಲಿಯಾಗಿ ಬರ್ನರಿನ ಬಾಯಿಗೆ ಅಂಟಿಕೊಂಡಂತೆ ನಿಂತರೆ ಅಲ್ಲಿಗೆ ನಿಲ್ಲಿಸಿ. ಬಾಯಿ ಬಿಟ್ಟು ಮೇಲೆ ತೇಲುತ್ತಿದ್ದರೆ ಗಾಳಿ ಅತಿಯಾಯಿತು.

ಮಳೆಗಾಲದಲ್ಲಿ ಗ್ಯಾರೇಜಿನೊಳಗೆ ಬಾಗಿಲು ತೆರೆದಿಟ್ಟು ಬಳಸಬಹುದೇ?

ಇಲ್ಲ.

ಸೋರಿಕೆ ಇದೆಯೇ ಎಂದು ಬೆಂಕಿಕಡ್ಡಿ ಗೀರಿ ನೋಡುವುದು ವಾಡಿಕೆ. ತಪ್ಪೇನು?

ಇದನ್ನು ವಾಡಿಕೆ ಎಂದು ಕರೆಯುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದ್ದು ಮೇಲೆ ಹಾರಿಹೋಗುವುದಿಲ್ಲ, ನೆಲದ ಮೇಲೆ ಹರಿದು ಗುಂಡಿ, ಚರಂಡಿ, ನೆಲಮಾಳಿಗೆಯ ಮೆಟ್ಟಿಲುಗಳಲ್ಲಿ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಹೊತ್ತಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಸಾಬೂನನ್ನು ನೀರಿನಲ್ಲಿ ಕದಡಿ, ಬರ್ನರ್ ಮುಚ್ಚಿ, ಸಿಲಿಂಡರ್ ತೆರೆದು, ಪ್ರತಿಯೊಂದು ಜೋಡಣೆಗೂ ಕುಂಚದಿಂದ ಹಚ್ಚಿ. ಅರ್ಧ ನಿಮಿಷ ಕಣ್ಣು ಕೀಲಿಸಿ ನೋಡಿ. ಸಣ್ಣ ಸೋರಿಕೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ನಿಧಾನವಾಗಿ ಊದಿಕೊಂಡು ಒಡೆದು, ಅದೇ ಜಾಗದಲ್ಲಿ ಇನ್ನೊಂದು ಏಳುತ್ತದೆ. ಪೈಪನ್ನು ಬಗ್ಗಿಸಿ ನೋಡಿ, ಬಾಗಿದ ಕಡೆ ಕೂದಲೆಳೆಯಂಥ ಬಿರುಕು ಕಂಡರೂ ಬದಲಿಸಿ. ಟೇಪ್ ಸುತ್ತಿ ದಿನ ದೂಡಬೇಡಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಏನು ಮಾಡಬೇಕು? ಮರಳು, ಹಿಟ್ಟು, ಒದ್ದೆ ಚೀಲ ಎಂದೆಲ್ಲ ಹೇಳುತ್ತಾರೆ.

ಹಿಟ್ಟು ತಾನೇ ಹೊತ್ತಿ ಉರಿಯುತ್ತದೆ. ನೀರು ಅದಕ್ಕಿಂತ ಅಪಾಯ: ಕಾದ ಎಣ್ಣೆಯ ತಳಕ್ಕೆ ಇಳಿದು 1,700 ಪಟ್ಟು ಹಿಗ್ಗಿ ಹಬೆಯಾಗಿ, ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ನೀರು ಸೋರುವ ಒದ್ದೆ ಚೀಲವೂ ಅದೇ ಕೆಲಸ ಮಾಡುತ್ತದೆ. ಬಾಣಲೆಯನ್ನು ಪೂರ್ತಿ ಮುಚ್ಚುವ ಲೋಹದ ಮುಚ್ಚಳ ಕೈಗೆಟಕುವಲ್ಲಿ ಇರಬೇಕು. ಅದಿಲ್ಲದೆ ಒಲೆ ಹಚ್ಚಲೇಬೇಡಿ. ಅನಿಲ ನಿಲ್ಲಿಸಿ, ಮುಚ್ಚಳವನ್ನು ನಿಮ್ಮ ಕಡೆಯ ಅಂಚಿನಿಂದ ಗುರಾಣಿಯಂತೆ ಮುಂದಕ್ಕೆ ಸರಿಸಿ ಮುಚ್ಚಿ, ಪೂರ್ತಿ ತಣ್ಣಗಾಗುವವರೆಗೆ ತೆಗೆಯಬೇಡಿ. ಇಣುಕಿ ನೋಡುವ ಆಸೆಗೆ ತೆಗೆದರೆ ಗಾಳಿ ಸಿಕ್ಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಓಡುವುದಂತೂ ಕೂಡದು. ಬೆಂಕಿ ಕೈಮೀರಿದರೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಿರಿ.

ಅಡುಗೆಮನೆಯ ಒಲೆಯಲ್ಲಿ ಎಣ್ಣೆ ಹೊಗೆಯಾಡಿದ ಮೇಲೂ ಎಚ್ಚೆತ್ತುಕೊಳ್ಳಲು ಸ್ವಲ್ಪ ಸಮಯವಿರುತ್ತದೆ. ಈ ಬರ್ನರಿನಲ್ಲಿ ಆ ಸಮಯವಿಲ್ಲ. ಉರಿ ಬಾಣಲೆಯ ಅಂಚನ್ನು ದಾಟಿ ಮೇಲೆ ನೆಕ್ಕುತ್ತಿರುತ್ತದೆ, ಎಣ್ಣೆಯ ಆವಿ ಅದಕ್ಕೆ ತಾಗಿದರೆ ಸಾಕು. ಸಿಲಿಂಡರ್ ಒಲೆಯಿಂದ ಪೈಪು ಬಿಡುವಷ್ಟು ದೂರ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಬಾಣಲೆ ಉರಿಯುತ್ತಿರುವಾಗ ನಾಬ್ ಇರುವುದು ಆ ಬೆಂಕಿಯ ಬುಡದಲ್ಲಿ, ನಿಮ್ಮ ಕೈ ಹೋಗಬಹುದಾದದ್ದು ಸಿಲಿಂಡರಿನ ವಾಲ್ವಿಗೆ ಮಾತ್ರ. ಗೋಡೆ, ಚಪ್ಪರ, ಮರದ ಕೊಂಬೆಗಳಿಂದ ಒಲೆ ಮೂರು ಮೀಟರ್ ದೂರವಿರಲಿ. ಸೋರುವ ಅನಿಲಕ್ಕೇ ಬೆಂಕಿ ಹತ್ತಿದ್ದರೆ, ಅನಿಲ ನಿಲ್ಲಿಸದೆ ಜ್ವಾಲೆಯನ್ನು ಆರಿಸಬೇಡಿ. ಉರಿಯುತ್ತಿರುವ ಅನಿಲ ಎಲ್ಲಿದೆ ಎಂದು ಕಾಣುತ್ತದೆ, ಆರಿದ ಮೇಲೆ ಸೋರುವುದು ಕಾಣುವುದಿಲ್ಲ.

ಅಡುಗೆ ಮುಗಿದ ಮೇಲೆ ಮೊದಲು ಯಾವುದನ್ನು ಮುಚ್ಚಬೇಕು?

ಸಿಲಿಂಡರನ್ನು. ಪೈಪಿನಲ್ಲಿ ಉಳಿದ ಅನಿಲ ಉರಿದು ಮುಗಿಯಲಿ. ಜ್ವಾಲೆ ಕುಗ್ಗುತ್ತಾ ಬಂದು ಬರ್ನರಿನ ಬಾಯಲ್ಲಿ ನೀಲಿ ಉಂಗುರವಾಗಿ, ಸಣ್ಣದೊಂದು ಟಪ್ ಸದ್ದಿನೊಂದಿಗೆ ಆರುತ್ತದೆ. ಆಮೇಲೆ ನಾಬ್ ತಿರುಗಿಸಿ ಮುಚ್ಚಿ.