ಫಿನ್ ಬದಲಿಸಿದರೆ ಬೋರ್ಡು ತಿರುಗುತ್ತದೆಯೇ?

ಪ್ರಶ್ನೆ: ನಾಲ್ಕು ತಿಂಗಳಿಂದ ಸರ್ಫಿಂಗ್ ಕಲಿಯುತ್ತಿದ್ದೇನೆ. ಮೇಲ್ಮೈ ಮೆತ್ತಗಿರುವ ಎಂಟು ಅಡಿಯ ಬೋರ್ಡು, ಅಡಿಯಲ್ಲಿ, ಹಿಂತುದಿಯ ಬಳಿ, ಮೀನಿನ ಈಜುರೆಕ್ಕೆಯಂಥ ಮೂರು ಪ್ಲಾಸ್ಟಿಕ್ ಫಿನ್‌ಗಳಿವೆ. ಎದ್ದು ನಿಲ್ಲುವುದು ಬಂದಿದೆ, ನೊರೆಯ ಮೇಲೆ ದಡದವರೆಗೂ ಬರುತ್ತೇನೆ. ಆದರೆ ಎಡಕ್ಕೋ ಬಲಕ್ಕೋ ತಿರುಗಿಸಲು ಹೋದರೆ ಬೋರ್ಡು ಜಪ್ಪಯ್ಯ ಎಂದರೂ ಕೇಳುವುದಿಲ್ಲ. ಒಳ್ಳೆಯ ಫಿನ್ ಹಾಕಿಸು, ತಾನಾಗಿ ತಿರುಗುತ್ತದೆ ಎಂದು ಜೊತೆಗಾರರು ಹೇಳುತ್ತಾರೆ. ಫಿನ್ ಪೊಟ್ಟಣದ ಮೇಲಿನ ಬರಹವಂತೂ ಒಂದೂ ಅರ್ಥವಾಗುವುದಿಲ್ಲ. ನನ್ನ ತೂಕ 68 ಕಿಲೋ. ಯಾವುದನ್ನು ಕೊಳ್ಳಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಬೋರ್ಡು ತಿರುಗದಿರಲು ಕಾರಣ ಬಹುಮಟ್ಟಿಗೆ ನಿಮ್ಮ ಹಿಂಗಾಲು ಊರಿರುವ ಜಾಗ. ಅದು ಹೇಗೆ ಎನ್ನುವುದನ್ನು ಫಿನ್‌ನಿಂದಲೇ ಶುರುಮಾಡಿ ಹೇಳುತ್ತೇನೆ.

ಸೊಂಟದ ಮಟ್ಟದ, ಅಲೆಯಿಲ್ಲದ ನೀರಿನಲ್ಲಿ ಬೋರ್ಡನ್ನು ತೇಲಬಿಡಿ. ಮೊದಲು ಮೂತಿಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಸಲೀಸಾಗಿ ಹೊರಳುತ್ತದೆ. ಈಗ ಬಾಲವನ್ನು ತಳ್ಳಿ. ಕೈಗೆ ತಡೆ ಸಿಗುತ್ತದೆ, ಯಾರೋ ಕೆಳಗಿನಿಂದ ಹಿಡಿದುಕೊಂಡಂತೆ. ಆ ಹಿಡಿತವೇ ಫಿನ್. ಬಾಣದ ಹಿಂತುದಿಗೆ ಕಟ್ಟಿದ ಗರಿ ಏನು ಮಾಡುತ್ತದೆಯೋ ಅದನ್ನೇ ಫಿನ್ ನೀರಿನಲ್ಲಿ ಮಾಡುತ್ತದೆ: ಹಿಂಭಾಗ ಪಕ್ಕಕ್ಕೆ ಜಾರದಂತೆ ತಡೆದು, ಮುಂಭಾಗವನ್ನು ಮುಂದಕ್ಕೇ ಇಡುತ್ತದೆ. ಹೊಸಬರು ಅದನ್ನು ದೋಣಿಯ ಚುಕ್ಕಾಣಿ ಎಂದುಕೊಳ್ಳುತ್ತಾರೆ. ಚುಕ್ಕಾಣಿ ತಾನು ತಿರುಗಿ ದೋಣಿಯನ್ನು ತಿರುಗಿಸುತ್ತದೆ. ಫಿನ್ ಇದ್ದಲ್ಲೇ ಇರುತ್ತದೆ. ತಿರುಗಿಸುವವರು ನೀವು. ಮೈಯನ್ನು ಓರೆ ಮಾಡಿ ಬೋರ್ಡಿನ ಒಂದು ಅಂಚನ್ನು ನೀರಿಗೆ ಅದುಮಿದಾಗ ಬಾಲ ಪಕ್ಕಕ್ಕೆ ಜಾರಿಹೋಗಲು ನೋಡುತ್ತದೆ. ಫಿನ್ ಅದನ್ನು ತಡೆಹಿಡಿಯುವುದರಿಂದ ಬೋರ್ಡು ಜಾರುವ ಬದಲು ಬಾಗುತ್ತಾ ಸಾಗುತ್ತದೆ.

ಫಿನ್ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು ಎಂದು ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹವಾಯಿಯವರ ಹಳೆಯ ಮರದ ಬೋರ್ಡುಗಳ ಅಡಿ ಬೋಳಾಗಿತ್ತು. ಉದ್ದನೆಯ ಭಾರದ ಹಲಗೆಯನ್ನು ತಿರುಗಿಸಲು ಸವಾರ ಒಂದು ಕಾಲನ್ನು ನೀರಿಗಿಳಿಸಿ ಎಳೆಯಬೇಕಿತ್ತು. ಕಡಿದಾದ ಅಲೆಯಲ್ಲಿ ಬಾಲ ಜಾರಿ ಬೀಳುವುದು ಮಾಮೂಲು. 1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಸರ್ಫರ್ ವೇಗದ ದೋಣಿಯೊಂದರ ತಳದಲ್ಲಿರುವ ಲೋಹದ ಏಣನ್ನು (ಕೀಲ್) ತನ್ನ ಬೋರ್ಡಿನ ಬಾಲದಡಿ ಜೋಡಿಸಿ ಹವಾಯಿಯ ವೈಕೀಕಿ ಕಡಲತೀರದಲ್ಲಿ ನೀರಿಗಿಳಿದ. ಬಾಲ ನಿಂತಿತು. ನಾವಿಂದು ಮಾಡುವ ಪ್ರತಿ ತಿರುವೂ ಆ ದಿನದ ಋಣದಲ್ಲಿದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ನಿಮ್ಮ ಹಿಂಗಾಲಿಗೆ ಬರೋಣ. ಬಾಲದಲ್ಲಿರುವ ಹಿಡಿತವೇ ತಿರುವಿನ ಅಚ್ಚು. ಹಿಂಗಾಲು ಆ ಅಚ್ಚಿನ ಮೇಲೆ ಅಥವಾ ಅದಕ್ಕೆ ಹತ್ತಿರದಲ್ಲಿ ಇದ್ದರೆ ಮೂತಿ ಹಗುರಾಗಿ ಸುತ್ತುತ್ತದೆ. ನಾಲ್ಕು ತಿಂಗಳ ಅನುಭವದವರಲ್ಲಿ ಹೆಚ್ಚಿನವರು ಎಂಟಡಿಯ ಬೋರ್ಡಿನ ನಡುವೆ ನಿಲ್ಲುತ್ತಾರೆ. ನೇರ ಸಾಗಲು ಅದೇ ಸರಿಯಾದ ಜಾಗ, ತಿರುಗಲು ಅಲ್ಲ. ತಿರುಗುವ ಮುನ್ನ ಹಿಂಗಾಲನ್ನು ಒಂದು ಗೇಣು, ಬೇಕಾದರೆ ಎರಡು ಗೇಣು ಹಿಂದಕ್ಕೆ ಜರುಗಿಸಿ, ಮಂಡಿ ಬಾಗಿಸಿ, ಹೋಗಬೇಕಾದ ಕಡೆಗೆ ಮೊದಲು ಕಣ್ಣು, ಆಮೇಲೆ ಭುಜ ತಿರುಗಲಿ. ಇನ್ನೊಂದು ಮಾತು: ನೊರೆ ಬೋರ್ಡನ್ನು ಹಿಂದಿನಿಂದ ದಬ್ಬುತ್ತದೆ ಅಷ್ಟೆ, ಫಿನ್‌ಗೆ ಕಚ್ಚಿಕೊಳ್ಳಲು ಬೇಕಾದ ನುಣುಪಾದ ಇಳಿಜಾರು ಅಲ್ಲಿರುವುದಿಲ್ಲ, ಗಾಳಿ ತುಂಬಿದ ನೀರಿನಲ್ಲಿ ಅದರ ಹಿಡಿತವೂ ಸಡಿಲ. ಇನ್ನೂ ಒಡೆಯದ ಅಲೆಯ ಮೈಮೇಲೆ ಓರೆಯಾಗಿ ಸಾಗಲು ನಿಮಗೆ ಸಾಧ್ಯವಾಗುವವರೆಗೆ ಎಂಥ ದುಬಾರಿ ಫಿನ್ ಹಾಕಿದರೂ ವ್ಯತ್ಯಾಸ ತಿಳಿಯುವುದಿಲ್ಲ. ನೀವು ಹಣ ಕಳೆದುಕೊಳ್ಳುವುದಕ್ಕಿಂತ, ತಪ್ಪು ನಿಮ್ಮದಲ್ಲ ಫಿನ್‌ನದು ಎಂದು ನಂಬಿಬಿಡುವುದು ನನಗೆ ಹೆಚ್ಚು ಚಿಂತೆ.

ಪೊಟ್ಟಣದ ಮೇಲಿನ ಪದಗಳನ್ನು ಮಾತ್ರ ಈಗಲೇ ತಿಳಿದಿಟ್ಟುಕೊಳ್ಳಿ. ಮುಖ್ಯವಾದವು ಎರಡು. ಮೊದಲನೆಯದು ಆಳ, ಅಂದರೆ ಬುಡದಿಂದ ತುದಿಯವರೆಗೆ ಫಿನ್ ನೀರಿನೊಳಗೆ ಎಷ್ಟು ಇಳಿಯುತ್ತದೆ ಎಂಬುದು. ಆಳ ಹೆಚ್ಚಿದಷ್ಟೂ ಹಿಡಿತ ಹೆಚ್ಚು, ಬಾಲ ಜಾರುವುದು ಕಡಿಮೆ. ಎರಡನೆಯದು ರೇಕ್, ಫಿನ್ ಹಿಂದಕ್ಕೆ ಎಷ್ಟು ವಾಲಿದೆ ಎಂಬುದು. ಮೀನಿನ ಈಜುರೆಕ್ಕೆಯಂತೆ ಉದ್ದಕ್ಕೆ ಹಿಂದೆ ವಾಲಿದ ಫಿನ್ ದೀರ್ಘವಾದ, ನಿಧಾನವಾದ ತಿರುವು ಕೊಡುತ್ತದೆ. ನೆಟ್ಟಗೆ ನಿಂತದ್ದು ಇದ್ದಲ್ಲೇ ಸುತ್ತುತ್ತದೆ. ಬುಡದ ಅಗಲ ವೇಗ ಹೆಚ್ಚಿಸಲು ನೆರವಾಗುತ್ತದೆ. ಗಡಸು ಫಿನ್ ಒತ್ತಿದ ತಕ್ಷಣ ಸ್ಪಂದಿಸುತ್ತದೆ, ಬಳುಕುವ ಫಿನ್ ತಪ್ಪುಗಳನ್ನು ಕ್ಷಮಿಸುತ್ತದೆ. ಪಕ್ಕದ ಫಿನ್‌ಗಳು ಮೂತಿಯ ಕಡೆಗೆ ತುಸು ಒಳಮುಖವಾಗಿ, ತುದಿ ಹೊರಕ್ಕೆ ತುಸು ವಾಲಿ ಕೂತಿರುವುದನ್ನು ನೀವು ಗಮನಿಸಿರಬಹುದು. ಸಾಮಾನ್ಯವಾಗಿ ಅದು ಬೋರ್ಡು ಮಾಡುವಾಗಲೇ ತೀರ್ಮಾನವಾದದ್ದು, ಅದರ ಗೊಡವೆ ನಿಮಗೆ ಬೇಡ.

ಅಳತೆಯನ್ನು ಸವಾರನ ತೂಕದ ಮೇಲೆ ನಿರ್ಧರಿಸುತ್ತಾರೆ. 68 ಕಿಲೋ ತೂಕ ಅನೇಕ ತಯಾರಕರ ಪಟ್ಟಿಯಲ್ಲಿ ಸಣ್ಣದು ಮತ್ತು ಮಧ್ಯಮ ಎರಡರಲ್ಲೂ ಬರುತ್ತದೆ. ಮುಂದೊಂದು ದಿನ ಕೊಳ್ಳುವಾಗ ಮಧ್ಯಮವನ್ನೇ ಆರಿಸಿ. ಕಲಿಯುವವರಿಗೆ ಹಿಡಿತ ಒಂದು ಗುಲಗಂಜಿ ಹೆಚ್ಚಿದ್ದರೆ ನಷ್ಟವಿಲ್ಲ, ಕಡಿಮೆಯಾದರೆ ಬೀಳುತ್ತೀರಿ.

ಪ್ರಶ್ನೆ: ಒಂದು, ಎರಡು, ಮೂರು, ನಾಲ್ಕು ಫಿನ್‌ಗಳ ಬೋರ್ಡುಗಳನ್ನು ನೋಡಿದ್ದೇನೆ. ಕಲಿಯಲು ಯಾವುದು ಒಳ್ಳೆಯದು?

ಉತ್ತರ: ಮೂರು, ಇಲ್ಲವೇ ಉದ್ದನೆಯ ಬೋರ್ಡಿನಲ್ಲಿ ಒಂದು. ಎರಡು ಫಿನ್‌ಗಳ ಬೋರ್ಡು ಸಡಿಲವಾಗಿ, ಚುರುಕಾಗಿ ಓಡುತ್ತದೆ. ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದದ್ದು ಇಂಥ ಬೋರ್ಡುಗಳಿಂದಲೇ. ಆದರೆ ಆತನ ಕಾಲು ಎಲ್ಲರಿಗೂ ಇರುವುದಿಲ್ಲ. ಅದೇ ದೇಶದ ಸೈಮನ್ ಆಂಡರ್ಸನ್ ದೊಡ್ಡ ಮೈಕಟ್ಟಿನವರು. ಎರಡು ಫಿನ್‌ಗಳ ಬೋರ್ಡು ದೊಡ್ಡ ಅಲೆಯಲ್ಲಿ ಅವರ ಕಾಲಡಿ ಜಾರುತ್ತಿತ್ತು. 1980ರಲ್ಲಿ ಅವರು ನಡುವೆ, ತುಸು ಹಿಂದೆ, ಮೂರನೆಯದನ್ನು ಅದೇ ಅಳತೆಯಲ್ಲಿ ಸೇರಿಸಿದರು. ಮರುವರ್ಷ ಆಸ್ಟ್ರೇಲಿಯಾದ ಬೆಲ್ಸ್ ಬೀಚ್‌ನ ಸ್ಪರ್ಧೆಯನ್ನು ಭಾರೀ ಅಲೆಗಳಲ್ಲಿ ಆ ಬೋರ್ಡಿನಿಂದಲೇ ಗೆದ್ದರು. ಥ್ರಸ್ಟರ್ ಎಂಬ ಆ ಜೋಡಣೆ ಇಂದಿಗೂ ಅತಿ ಸಾಮಾನ್ಯ. ಪಕ್ಕದವು ವೇಗ ಮತ್ತು ಕಚ್ಚು ಕೊಡುತ್ತವೆ, ನಡುವಿನದು ಬಾಲವನ್ನು ಹದ್ದುಬಸ್ತಿನಲ್ಲಿಡುತ್ತದೆ. ನಾಲ್ಕು ಫಿನ್‌ಗಳ ಬೋರ್ಡಿನಲ್ಲಿ ನಡುವಿನ ತಡೆ ಇಲ್ಲದ್ದರಿಂದ ವೇಗ ಹೆಚ್ಚು. ಅದು ನಿಮ್ಮ ಎರಡನೆಯ ಅಥವಾ ಮೂರನೆಯ ಬೋರ್ಡಾಗಲಿ.

ಪ್ರಶ್ನೆ: ಒಂಬತ್ತು ಅಡಿಯ ಹಳೆಯ ಲಾಂಗ್‌ಬೋರ್ಡ್ ಸಿಕ್ಕಿದೆ. ಬಾಲದಡಿ ಉದ್ದನೆಯ ಸೀಳು ಇದೆ, ಫಿನ್ ಇಲ್ಲ. ಎಷ್ಟು ದೊಡ್ಡದು ಹಾಕಲಿ? ಸೀಳಿನ ಯಾವ ಜಾಗದಲ್ಲಿ?

ಉತ್ತರ: ಒಂಟಿ ಫಿನ್‌ಗೆ ಹಳಬರ ಲೆಕ್ಕ ಬೋರ್ಡಿನ ಒಂದು ಅಡಿಗೆ ಫಿನ್ ಒಂದು ಅಂಗುಲ. ನಿಮ್ಮದಕ್ಕೆ ಒಂಬತ್ತು ಅಂಗುಲ ಸರಿಹೋಗುತ್ತದೆ. ಅಕ್ಕಪಕ್ಕ ಸಣ್ಣ ಫಿನ್‌ಗಳಿಗೂ ಜಾಗವಿದ್ದು ಅವನ್ನು ಹಾಕುವುದಾದರೆ ನಡುವಿನದು ಏಳು ಅಂಗುಲದ ಆಸುಪಾಸಿನಲ್ಲಿ ಸಾಕು.

ಜಾಗದ ಪ್ರಶ್ನೆ ಕೇಳಿದ್ದು ನನಗೆ ಬಹಳ ಸಂತೋಷ ತಂದಿತು, ಏಕೆಂದರೆ ಫಿನ್ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ಖರ್ಚೂ ಇಲ್ಲ. ಸೀಳಿನ ಸರಿ ನಡುವೆ ಕೂರಿಸಿ ಐದಾರು ದಿನ ಸವಾರಿ ಮಾಡಿ. ಆಮೇಲೆ ಒಂದು ಅಂಗುಲ ಹಿಂದಕ್ಕೆ ಸರಿಸಿ. ಬೋರ್ಡು ಹೆಚ್ಚು ನೇರ ಓಡುತ್ತದೆ, ಬಾಲ ಗಟ್ಟಿಯಾಗುತ್ತದೆ, ತಿರುಗಲು ಹೆಚ್ಚು ಬಲ ಬೇಕಾಗುತ್ತದೆ. ಇನ್ನೊಂದು ದಿನ ನಡುವಿನಿಂದ ಒಂದು ಅಂಗುಲ ಮುಂದಕ್ಕೆ ತನ್ನಿ. ಅಚ್ಚು ನಿಮ್ಮ ಕಾಲಿಗೆ ಹತ್ತಿರವಾಗಿ ಬೋರ್ಡು ಸಡಿಲಗೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ, ಬೋರ್ಡು ಅದೇ ಇರಲಿ, ಸಾಧ್ಯವಾದಷ್ಟು ಒಂದೇ ಬಗೆಯ ಅಲೆ ಇರಲಿ. ಸೀಳಿನೊಳಗೆ ಜಾರುವ ಪುಟ್ಟ ಲೋಹದ ಬಿಲ್ಲೆಗೆ ತಿರುಪನ್ನು ಬಿಗಿಯುವಾಗ ಬೆರಳ ಬಲ ಸಾಕು. ತಿರುಚಿ ತಿರುಚಿ ಬಿಗಿದರೆ ಎಳೆ ಹಾಳಾಗುತ್ತದೆ.

ಪ್ರಶ್ನೆ: ಫಿನ್‌ಗಳನ್ನು ಕಳಚಿದ್ದೆ, ಈಗ ಯಾವುದು ಎಡ, ಯಾವುದು ಬಲ ಎಂದು ಗೊತ್ತಾಗುತ್ತಿಲ್ಲ.

ಉತ್ತರ: ಬೆರಳಿನಿಂದ ಸವರಿ ನೋಡಿ. ಪಕ್ಕದ ಫಿನ್‌ಗೆ ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಚಪ್ಪಟೆ ಮುಖ ಒಳಗೆ, ಉಬ್ಬು ಹೊರಗೆ. ಎರಡೂ ಕಡೆ ಸಮನಾಗಿ ಉಬ್ಬಿರುವುದು ನಡುವಿನದು. ತುದಿಗಳೆಲ್ಲ ಬಾಲದ ಕಡೆಗೆ ವಾಲಿರಬೇಕು. ಒಂದು ಕಂಪನಿಯ ಗೂಡಿಗೆ ಮಾಡಿದ ಫಿನ್ ಸಾಮಾನ್ಯವಾಗಿ ಇನ್ನೊಂದರ ಗೂಡಿನಲ್ಲಿ ಕೂರುವುದಿಲ್ಲ: ಎಫ್‌ಸಿಎಸ್ ಕಂಪನಿಯ ಮೂಲ ಮಾದರಿಯಲ್ಲಿ ಎರಡು ಗೂಟ, ಫ್ಯೂಚರ್ಸ್ ಕಂಪನಿಯದರಲ್ಲಿ ಒಂದೇ ಉದ್ದನೆಯ ಬುಡ. ಅನೇಕ ಮೆತ್ತನೆ ಬೋರ್ಡುಗಳಲ್ಲಿ ತಿರುಪು ಮೇಲಿನಿಂದಲೇ ಬರುತ್ತದೆ. ಕೊಳ್ಳುವ ಮೊದಲು ನಿಮ್ಮ ಬೋರ್ಡಿನ ಅಡಿಯ ಚಿತ್ರ ತೆಗೆದಿಟ್ಟುಕೊಂಡು ಹೋಗಿ. ನೀರಿಗಿಳಿಯುವ ಮುನ್ನ ಪ್ರತಿ ಫಿನ್ನನ್ನೂ ಹಿಡಿದು ಅಲುಗಾಡಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಕಳೆದ ವಾರ ಬಿದ್ದಾಗ ನನ್ನದೇ ಫಿನ್ ತೊಡೆಗೆ ತಗಲಿ ಕುಯ್ದಿತು. ಮತ್ತೆ ನೀರಿಗಿಳಿಯಲು ಭಯವಾಗುತ್ತಿದೆ.

ಉತ್ತರ: ಗಾಯ ಪೂರ್ತಿ ಮಾಯುವವರೆಗೆ ನೀರಿಗಿಳಿಯಬೇಡಿ. ಭಯಪಟ್ಟದ್ದಕ್ಕೆ ನಾಚಿಕೊಳ್ಳಬೇಕಾಗಿಯೂ ಇಲ್ಲ. ಗಡಸು ಫಿನ್‌ನ ಹಿಂದಂಚು ಕತ್ತಿಯಷ್ಟು ತೆಳ್ಳಗಿರಬಲ್ಲದು. ಕಲಿಯುವವರಿಗೆಂದೇ ಅಂಚು ಮೆತ್ತಗಿರುವ ಫಿನ್‌ಗಳು ಸಿಗುತ್ತವೆ. ಮೊದಲ ಉತ್ತರದಲ್ಲಿ ಕೊಳ್ಳಬೇಡಿ ಎಂದೆನಲ್ಲ, ನಿಮಗೆ ಮಾತ್ರ ಇದನ್ನು ಕೊಳ್ಳಿ ಎನ್ನುತ್ತೇನೆ. ಇಲ್ಲವಾದರೆ ನುಣ್ಣನೆಯ ಉಪ್ಪುಕಾಗದದಿಂದ ಅಂಚಿನ ಚೂಪನ್ನು ಹಗುರವಾಗಿ ಉಜ್ಜಿ ತೆಗೆಯಬಹುದು. ಹೊಸಬರ ವೇಗಕ್ಕೆ ಅದರಿಂದ ಏನೂ ಕುಂದಾಗುವುದಿಲ್ಲ.

ಬೀಳುವಾಗ ಬೋರ್ಡಿನ ಮುಂದಕ್ಕೆ ಬೀಳಬೇಡಿ, ಪಕ್ಕಕ್ಕೋ ಹಿಂದಕ್ಕೋ ಚಪ್ಪಟೆಯಾಗಿ ಬೀಳಿ. ನೀರಿನಿಂದ ಮೇಲೆ ಬರುವಾಗ ಎರಡೂ ತೋಳುಗಳು ತಲೆಯನ್ನು ಸುತ್ತಿರಲಿ, ಏಕೆಂದರೆ ಕಾಲಿಗೆ ಕಟ್ಟಿದ ಹಗ್ಗ ಹಿಗ್ಗಿ ಬೋರ್ಡನ್ನು ನಿಮ್ಮತ್ತಲೇ ಸೆಳೆದು ತರುತ್ತದೆ. ನೀರಿನಲ್ಲಿ ನಡೆಯುವಾಗ ಬೋರ್ಡು ನಿಮಗೂ ಬರುವ ಅಲೆಗೂ ನಡುವೆ ಅಡ್ಡ ಇರಬಾರದು; ಅದು ಪಕ್ಕದಲ್ಲಿರಲಿ, ಮೂತಿ ಅಲೆಯ ಕಡೆಗಿರಲಿ. ದಡ ಸಮೀಪಿಸಿದಾಗ ಕೊನೆಯವರೆಗೂ ನಿಂತು ಬರುವ ಆಸೆ ಬೇಡ. ಮಂಡಿ ಮಟ್ಟದ ನೀರು ಬರುವ ಮೊದಲೇ ಕುಳಿತು, ಹಿಂದಕ್ಕೆ ಇಳಿದುಬಿಡಿ. ಫಿನ್ ಮರಳಿಗೆ ಬಡಿದರೆ ಬೋರ್ಡು ಗಕ್ಕನೆ ನಿಲ್ಲುತ್ತದೆ, ಮೇಲಿರುವವರು ಮುಂದಕ್ಕೆ ಹಾರುತ್ತಾರೆ, ಫಿನ್ ಕೂತಿದ್ದ ಗೂಡೂ ಬಿರಿಯಬಹುದು.