ಫ್ಲಾರೆನ್ಸಿನ ಚಿತ್ರದಂಗಡಿ: ನಿಮ್ಮ ಲೇಖನ ಯಾಕೆ ವಾಪಸ್ ಬರುತ್ತಿದೆ

ನಮಸ್ಕಾರ.

'ಅಸ್ಯಾಸಿನ್ಸ್ ಕ್ರೀಡ್ 2' ಎಂಬ ವಿಡಿಯೊ ಆಟದ ಕಲಾ ವ್ಯಾಪಾರಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದ್ದೇವೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡುವಂಥದ್ದಲ್ಲ. ಆಟಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಗ್ರಾಫಿಕ್ಸ್, ಕತೆ, ಕಾದಾಟ ಅಂತ ಮುಂದೆ ಹೋಗಿಬಿಡುತ್ತಾರೆ. ಅಂಗಡಿಯವನ ಮುಂದೆ ನಿಂತು ನೋಡುವವರು ಕಡಿಮೆ. ನೀವು ನಿಂತಿದ್ದೀರಿ. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ವಾದವನ್ನು ಮೂರು ಮಾತಿನಲ್ಲಿ ಹೇಳುವುದಾದರೆ: ಆಟದ ಕಲಾ ವ್ಯಾಪಾರಿ 15ನೇ ಶತಮಾನದ ಇಟಲಿಯನ್ನು ಇದ್ದ ಹಾಗೇ ತೋರಿಸುತ್ತಾನೆ, ಆಗ ಯಾರು ಬೇಕಾದರೂ ಬೀದಿಯಲ್ಲಿ ಮೇರುಕೃತಿ ಕೊಳ್ಳಬಹುದಿತ್ತು, ಕಥಾನಾಯಕ ಎಟ್ಸಿಯೊ ಕಲೆಯನ್ನು ಪ್ರೀತಿಸುವುದರಿಂದ ಚಿತ್ರಗಳನ್ನು ಕೊಳ್ಳುತ್ತಾನೆ. ಮೂರೂ ನಿಲ್ಲುವುದಿಲ್ಲ. ಕೊನೆಯದರಿಂದ ಶುರು ಮಾಡೋಣ, ಯಾಕೆಂದರೆ ಅದಕ್ಕೆ ಬೇಕಾದ ಸಾಕ್ಷಿಯೆಲ್ಲ ಆಟದೊಳಗೇ ಇದೆ.

ಎಟ್ಸಿಯೊ ಕೊಂಡ ಚಿತ್ರ ಮೊಂತೆರಿಜ್ಜೋನಿ ಎಂಬ ಊರಿನಲ್ಲಿರುವ ಅವನ ಕುಟುಂಬದ ಮನೆಯ ಗೋಡೆಗೆ ಹೋಗುತ್ತದೆ. ಹೋದ ಕೂಡಲೇ ಆ ಮನೆ ಮತ್ತು ಊರಿನ ಒಟ್ಟು ಮೌಲ್ಯ ಏರುತ್ತದೆ. ಮೌಲ್ಯ ಏರಿದ ಹಾಗೆ ಆ ಮನೆಯ ಹಣದ ಪೆಟ್ಟಿಗೆಗೆ ಬೀಳುವ ಆದಾಯವೂ ಏರುತ್ತದೆ. ಆ ಹಣ ನಿಜ ಸಮಯದ 20 ನಿಮಿಷಕ್ಕೊಮ್ಮೆ ಬರುತ್ತದೆ. ಲೆಕ್ಕದ ಪುಸ್ತಕ ತಂಗಿ ಕ್ಲಾಡಿಯಾಳ ಕೈಯಲ್ಲಿದೆ. ಅಂದರೆ ಆಟದ ಒಳಲೆಕ್ಕದಲ್ಲಿ ಚಿತ್ರ ಅನ್ನುವುದು ಬಡ್ಡಿ ಕೊಡುವ ಠೇವಣಿ. ಆಟ ಕಟ್ಟುವವರಿಗೆ ಯಾವಾಗಲೂ ಇರುವ ತಲೆನೋವು ಒಂದು: ಆಟಗಾರನ ಕೈಗೆ ಬಂದ ದುಡ್ಡು ಹೊರಗೆ ಹೋಗಲು ದಾರಿ ಬೇಕು, ಇಲ್ಲವಾದರೆ ಗಳಿಕೆಗೆ ಅರ್ಥವೇ ಇರುವುದಿಲ್ಲ. ಔಷಧಿ, ಬಟ್ಟೆಯ ಬಣ್ಣ ಇವೆಲ್ಲ ಹೊರಹೋಗುವ ದಾರಿಗಳು. ಚಿತ್ರವಾದರೋ ಹೊರಗೆ ಹೋದ ದುಡ್ಡನ್ನು ತಿರುಗಿ ಒಳಗೆ ತರುತ್ತದೆ. ಆಟದ ಉತ್ತರಾರ್ಧದಲ್ಲಿ ಎಲ್ಲರ ಬಳಿಯೂ ಖರ್ಚಾಗದ ಹಣ ಗುಡ್ಡೆ ಬೀಳುವುದರಲ್ಲಿ ಇದರ ಪಾಲೂ ಇದೆ. ಇಷ್ಟನ್ನು ನೀವು ಒಂದೇ ಸಾಲಿನಲ್ಲಿ, "ಚಿತ್ರಗಳಿಂದ ಲಾಭವೂ ಇದೆ" ಎಂದು ಮುಗಿಸಿಬಿಟ್ಟಿದ್ದೀರಿ. ಲೇಖನದ ಬೆನ್ನುಮೂಳೆ ಅದೇ ಆಗಬೇಕಿತ್ತು.

ಅಳೆದು ಬರೆಯಿರಿ. ಕ್ರಮ ಹೀಗೆ. ಮೊಂತೆರಿಜ್ಜೋನಿಗೆ ಹೋಗಿ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ. ಕ್ಲಾಡಿಯಾಳ ಪುಸ್ತಕದಲ್ಲಿ ಆಗಿನ ಮೌಲ್ಯ ಮತ್ತು ಆದಾಯ ಬರೆದುಕೊಳ್ಳಿ. ಒಂದೇ ಒಂದು ಚಿತ್ರ ಕೊಳ್ಳಿ, ಬೆಲೆ ಬರೆದುಕೊಳ್ಳಿ, ವಾಪಸ್ ಬಂದು ಅದೇ ಎರಡು ಅಂಕಿ ಮತ್ತೆ ನೋಡಿ. ಚಿತ್ರದ ಬೆಲೆಯನ್ನು ಏರಿದ ಆದಾಯದಿಂದ ಭಾಗಿಸಿದರೆ ಎಷ್ಟು ಕಂತಿಗೆ ಅಸಲು ವಾಪಸ್ ಬರುತ್ತದೆ ಎಂದು ಸಿಗುತ್ತದೆ. ಅದನ್ನು 20ರಿಂದ ಗುಣಿಸಿದರೆ ನಿಮಿಷ. ಹೀಗೆ ಅಗ್ಗದ ಐದು, ದುಬಾರಿಯ ಐದು ಚಿತ್ರಗಳಿಗೆ ಮಾಡಿ. ಲೆಕ್ಕ ಕೆಡುವುದು ಎರಡು ಕಡೆ. ನಡುವೆ ಬೇರೆ ಯಾವ ಕಟ್ಟಡವನ್ನೂ ದುರಸ್ತಿ ಮಾಡಿಸಬಾರದು, ಅದೂ ಮೌಲ್ಯ ಏರಿಸುತ್ತದೆ, ಆಗ ಯಾವುದರಿಂದ ಎಷ್ಟು ಏರಿತು ಎಂದು ತಿಳಿಯುವುದಿಲ್ಲ. ಇನ್ನೊಂದು, ಪೆಟ್ಟಿಗೆಗೆ ಮಿತಿ ಇದೆ; ತುಂಬಿದ ಮೇಲೆ ಬರುವ ಹಣ ನಿಮ್ಮದಾಗುವುದಿಲ್ಲ. ವೆನಿಸ್‌ನಲ್ಲಿ ಮೂರು ತಾಸು ಕಳೆದು ಬಂದವನ ಲೆಕ್ಕಕ್ಕೂ ಗಳಿಗೆಗೊಮ್ಮೆ ಮನೆಗೆ ಓಡಿಬರುವವನ ಲೆಕ್ಕಕ್ಕೂ ತಾಳೆ ಆಗದಿರುವುದು ಇದರಿಂದಲೇ.

ಈಗ ಇತಿಹಾಸ. "ಯಾರು ಬೇಕಾದರೂ ಬೀದಿಯಲ್ಲಿ ಮೇರುಕೃತಿ ಕೊಳ್ಳಬಹುದಿತ್ತು" ಎಂದು ಬರೆಯುವ ಮುನ್ನ ಒಂದು ಕರಾರು ಪತ್ರ ಓದಬೇಕಿತ್ತು. 1485ರ ಅಕ್ಟೋಬರ್ 23ರಂದು ಫ್ಲಾರೆನ್ಸಿನಲ್ಲಿ ಇನ್ನೊಚೆಂತಿ ಅನಾಥಾಲಯದ ಮುಖ್ಯಸ್ಥರು ಮತ್ತು ಚಿತ್ರಕಾರ ದೊಮೇನಿಕೊ ಗಿರ್ಲಾಂಡಾಯೊ ಮಾಡಿಕೊಂಡದ್ದು. ಪೂಜಾವೇದಿಕೆಗೆ ಒಂದು ಹಲಗೆ ಚಿತ್ರ. ಕಾಗದದ ಮೇಲೆ ಬರೆದು ತೋರಿಸಿದ ನಕ್ಷೆಯಂತೆಯೇ ಇರಬೇಕು. ಬಣ್ಣ, ಚಿನ್ನ ಎಲ್ಲ ಚಿತ್ರಕಾರನ ಖರ್ಚು. ನೀಲಿ ಮಾತ್ರ ಔನ್ಸಿಗೆ ಸುಮಾರು 4 ಫ್ಲೋರಿನ್ (ಫ್ಲಾರೆನ್ಸಿನ ಚಿನ್ನದ ನಾಣ್ಯ) ಬೆಲೆಯ ಅಲ್ಟ್ರಾಮರೀನ್ ಆಗಿರಬೇಕು. ಅದು ಅಫ್ಘಾನಿಸ್ತಾನದ ಬದಕ್ಷಾನ್ ಗಣಿಯ ಕಲ್ಲು ಅರೆದು ತೆಗೆದ ಬಣ್ಣ. ಒಟ್ಟು ಬೆಲೆ 115 ದೊಡ್ಡ ಫ್ಲೋರಿನ್. ಅಷ್ಟು ಬೆಲೆ ಬಾಳುವುದಿಲ್ಲ ಎಂದು ಮುಖ್ಯಸ್ಥರಿಗೆ ಅನಿಸಿದರೆ ಇಳಿಸುವ ಹಕ್ಕು ಅವರಿಗಿದೆ. ತಿಂಗಳಿಗೆ 3 ಫ್ಲೋರಿನ್ ಕಂತು. 30 ತಿಂಗಳೊಳಗೆ ಮುಗಿಸದಿದ್ದರೆ 15 ಫ್ಲೋರಿನ್ ದಂಡ. ಕಂತಿನ ಲೆಕ್ಕ ಹಾಕಿ ನೋಡಿ: 115 ತೀರಲು 38 ತಿಂಗಳು ದಾಟುತ್ತದೆ. ಚಿತ್ರ ಒಪ್ಪಿಸಿದ ಮೇಲೂ ಬಾಕಿ ಉಳಿಯುವ ವ್ಯವಸ್ಥೆ. ಆ ಚಿತ್ರ ಇವತ್ತಿಗೂ ಫ್ಲಾರೆನ್ಸಿನಲ್ಲಿ, ಅದೇ ಸಂಸ್ಥೆಯಲ್ಲಿ ಇದೆ.

ಹೆಸರಾಂತ ಚಿತ್ರಕಾರನ ದೊಡ್ಡ ಚಿತ್ರ ಹುಟ್ಟುತ್ತಿದ್ದದ್ದು ಹೀಗೆ. ಗಿರಾಕಿ ಮೊದಲು, ಚಿತ್ರ ಆಮೇಲೆ. ಅಂಗಡಿಯಲ್ಲಿ ತೂಗುಹಾಕಿ ಗಿರಾಕಿಗೆ ಕಾಯುವ ಮಾತೇ ಇರಲಿಲ್ಲ. ಕೆಲಸದ ಸ್ವರೂಪವೂ ಕಾಯಲು ಬಿಡುತ್ತಿರಲಿಲ್ಲ. ಪಾಪ್ಲರ್ ಮರದ ಹಲಗೆಗೆ ಚರ್ಮದಿಂದ ಮಾಡಿದ ಅಂಟು ಬಳಿಯಬೇಕು, ಮೇಲೆ ಬಟ್ಟೆ ಅಂಟಿಸಬೇಕು, ಜಿಪ್ಸಮ್ಮಿನ ದಪ್ಪ ಪದರ ಹಾಕಿ ಕೆರೆದು ಸಮ ಮಾಡಬೇಕು, ಆಮೇಲೆ ನಯವಾದ ಜಿಪ್ಸಮ್ ಪದರ ಎಂಟರವರೆಗೆ. ಅದಾದ ಮೇಲೆ ಚಿನ್ನದ ರೇಕು, ಕೊನೆಗೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಯಾರೂ ಕೇಳದ ಚಿತ್ರಕ್ಕೆ ಇಷ್ಟು ಬಂಡವಾಳ ಹೂಡುವವರು ಕಡಿಮೆ.

ಇಲ್ಲಿಗೆ ನಿಲ್ಲಿಸಿ "ಹಾಗಾದರೆ ಕಲಾ ವ್ಯಾಪಾರಿಗಳೇ ಇರಲಿಲ್ಲ" ಎಂದು ತಿರುಗಿಸಿ ಬರೆದರೆ ಅದೂ ತಪ್ಪು. ಪ್ರಾತೊ ಊರಿನ ವರ್ತಕ ಫ್ರಾಂಚೆಸ್ಕೊ ದಾತೀನಿ 14ನೇ ಶತಮಾನದಲ್ಲೇ ಫ್ಲಾರೆನ್ಸಿನಿಂದ ದೇವರ ಚಿತ್ರಗಳನ್ನು ಈಗಿನ ಫ್ರಾನ್ಸಿನ ಅವಿನ್ಯೋನ್‌ಗೆ ತರಿಸಿ ಮಾರುತ್ತಿದ್ದ. ಫ್ಲಾರೆನ್ಸಿನ ಚಿತ್ರಕಾರ ನೇರಿ ದಿ ಬಿಚ್ಚಿ 1453ರಿಂದ 1475ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕ ಉಳಿದಿದೆ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಮೇರಿಮಾತೆಗಳಿಗೆ ಬಣ್ಣ ಬಳಿದು ಕೊಡುವುದು ಅವನ ದಿನದ ದುಡಿಮೆಯ ಭಾಗವಾಗಿತ್ತು. ಹಳೇ ಸಾಮಾನು ಮಾರುವವರಿಗೆ ರಿಗಾತ್ತಿಯೇರಿ ಎಂಬ ಹೆಸರಿತ್ತು, ಲಿನನ್ ಬಟ್ಟೆಯವರ ಜೊತೆ ಸೇರಿ ಅವರದೇ ವೃತ್ತಿಸಂಘವಿತ್ತು. ಸತ್ತವರ ಮನೆಯ ಮಂಚ, ಬಟ್ಟೆ, ಚಿತ್ರ ಎಲ್ಲ ಅವರ ಅಂಗಡಿಗೆ ಬರುತ್ತಿತ್ತು. ಇಟಲಿಯಿಂದ ಆಚೆ, ಈಗಿನ ಬೆಲ್ಜಿಯಮ್ಮಿನ ಆ್ಯಂಟ್‌ವರ್ಪ್‌ನಲ್ಲಿ 1460ರಲ್ಲೇ ಚರ್ಚಿನವರು ಜಾತ್ರೆಗಳ ಹೊತ್ತಿಗೆ ಕಲಾಕೃತಿ ಮಾರಲೆಂದೇ ಮಳಿಗೆಗಳ ಅಂಗಳ ಕಟ್ಟಿಸಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆ "ಇದ್ದರೋ ಇಲ್ಲವೋ" ಎಂದಿರಬಾರದು. ಚಿತ್ರ ಬರೆಸುವ ಗಿರಾಕಿ, ಬರೆಯುವ ಕಾರ್ಯಾಗಾರ, ಬಣ್ಣ ಮಾರುವ ಔಷಧಿ ಅಂಗಡಿ, ಹಳೇ ಸಾಮಾನಿನವನು, ಇಷ್ಟು ಜನರನ್ನು ಆಟ ಒಬ್ಬನೇ ಅಂಗಡಿಯವನೊಳಗೆ ಮಡಚಿ ಇಟ್ಟಿದೆ. ಯಾವುದನ್ನು ಉಳಿಸಿಕೊಂಡಿತು, ಯಾವುದನ್ನು ಬಿಟ್ಟಿತು? ಉಳಿಸಿಕೊಂಡದ್ದು ರಿಗಾತ್ತಿಯೇರಿಯ ಅಂಗಡಿ, ಅಂದರೆ ಸಿದ್ಧ ಸರಕು, ಕೈಯಲ್ಲಿ ಕಾಸು. ಬಿಟ್ಟದ್ದು 30 ತಿಂಗಳ ಗಡುವು. ಬಿಡಲೇಬೇಕಿತ್ತು, ಗುಂಡಿ ಒತ್ತಿದ ಆಟಗಾರ ಅಷ್ಟು ಕಾಯಲಾರ. ಆದರೆ ಸಿದ್ಧ ಸರಕಿನ ಅಂಗಡಿಯಲ್ಲಿ ನಿಜವಾಗಿ ಇರುತ್ತಿದ್ದದ್ದು ಪ್ಲಾಸ್ಟರ್ ಮೇರಿಮಾತೆ. ಅದರ ಜಾಗಕ್ಕೆ ಆಟ ಹೆಸರಾಂತ ಚಿತ್ರಕಾರ ಬೊಟ್ಟಿಚೆಲ್ಲಿಯನ್ನು ತಂದು ಕೂರಿಸಿತು. ಇದನ್ನು ನಿಮ್ಮ ಓದುಗರಿಗೆ ತೋರಿಸಿ.

ನೀವು ಗಮನಿಸದೆ ದಾಟಿಹೋದ ಒಂದು ಸಂಗತಿಯಂತೂ ನಮಗೆ ತುಂಬ ಇಷ್ಟವಾದದ್ದು. ಆಟದ ಕಲಾ ವ್ಯಾಪಾರಿ ಚಿತ್ರದ ಜೊತೆ ನಿಧಿಯ ನಕ್ಷೆಗಳನ್ನೂ ಮಾರುತ್ತಾನೆ. ನೀವು ಅದನ್ನು "ಆಟಕ್ಕಾಗಿ ಸೇರಿಸಿದ ಅಸಂಬದ್ಧ" ಎಂದಿದ್ದೀರಿ. ಫ್ರಾಂಚೆಸ್ಕೊ ರೊಸ್ಸೆಲ್ಲಿ ಎಂಬ ಫ್ಲಾರೆನ್ಸಿನವನನ್ನು ನೋಡಿ. ಹಸ್ತಪ್ರತಿಗಳಿಗೆ ಚಿಕಣಿ ಚಿತ್ರ ಬರೆಯುತ್ತಿದ್ದ, ತಾಮ್ರದ ತಗಡು ಕೆತ್ತುತ್ತಿದ್ದ, 1506ರ ಕೊಂತಾರೀನಿ ಜಗತ್ತಿನ ನಕ್ಷೆ ಕೆತ್ತಿದವನು ಅವನೇ. ಅಣ್ಣ ಕೋಸಿಮೊ ರೊಸ್ಸೆಲ್ಲಿ ರೋಮಿನ ಸಿಸ್ಟೈನ್ ಪ್ರಾರ್ಥನಾಲಯದ ಗೋಡೆಗಳಿಗೆ ಚಿತ್ರ ಬರೆದವರಲ್ಲಿ ಒಬ್ಬ. ಫ್ರಾಂಚೆಸ್ಕೊನ ಮಗ ಅಲೆಸ್ಸಾಂದ್ರೊ ನಡೆಸುತ್ತಿದ್ದ ಅಂಗಡಿಯ ಸರಕಿನ ಪಟ್ಟಿ 1520ರ ದಶಕದ್ದು ಸಿಕ್ಕಿದೆ: ಅಚ್ಚಿನ ಚಿತ್ರ, ನಕ್ಷೆ, ಕೆತ್ತಿದ ತಗಡು, ಎಲ್ಲ ಒಂದೇ ಕಡೆ. ಚಿತ್ರವೂ ನಕ್ಷೆಯೂ ಒಂದೇ ಅಂಗಡಿಯಲ್ಲಿ ಸಿಗುವುದು ಫ್ಲಾರೆನ್ಸಿಗೆ ಹೊಸದಲ್ಲ. ನೀವು ಅಸಂಬದ್ಧ ಎಂದ ಜಾಗದಲ್ಲೇ ಆಟ ಇತಿಹಾಸಕ್ಕೆ ಹತ್ತಿರ ಬಂದಿದೆ. ಇದಕ್ಕೆ ಎರಡು ಪ್ಯಾರಾ ಕೊಡಿ. ಇದೇ ಸರಣಿಯ 2011ರ 'ರೆವೆಲೇಶನ್ಸ್' ಆಟ ಕಾನ್‌ಸ್ಟಾಂಟಿನೋಪಲ್‌ಗೆ ಹೋದಾಗ ಈ ಜಾಗಕ್ಕೆ ಪುಸ್ತಕದಂಗಡಿ ಬಂತು ಎಂಬುದನ್ನೂ ಸೇರಿಸಬಹುದು, ಆದರೆ ಒಂದೇ ಸಾಲಿನಲ್ಲಿ.

ದುಡ್ಡಿನ ವಿಷಯ. ಆಟದಲ್ಲಿ ಎಲ್ಲಕ್ಕೂ ಫ್ಲೋರಿನ್, ವೆನಿಸ್‌ನಲ್ಲೂ. ವೆನಿಸ್‌ಗೆ ತನ್ನದೇ ಡುಕಾಟ್ ಇತ್ತು, 1284ರಿಂದ. ಫ್ಲೋರಿನ್ ಸುಮಾರು ಮೂರೂವರೆ ಗ್ರಾಮಿನ ಅಪ್ಪಟ ಚಿನ್ನ. ಕೂಲಿಯವನ ಒಂದು ವಾರಕ್ಕೂ ಹೆಚ್ಚಿನ ದುಡಿಮೆ. ದಿನಬಳಕೆಗೆ ಬೆಳ್ಳಿಯ ಲೆಕ್ಕ: 1 ಲಿರಾಕ್ಕೆ 20 ಸೋಲ್ಡೊ, 1 ಸೋಲ್ಡೊಗೆ 12 ದೆನಾರೊ. ಇದು ಗೊತ್ತಿದ್ದರೆ ಎಟ್ಸಿಯೊ ಬೀದಿಯಲ್ಲಿ ಕಾಸು ಎರಚಿ ಜನರನ್ನು ಸೇರಿಸುವ ದೃಶ್ಯ ನಿಮಗೆ ಬೇರೆಯಾಗಿ ಕಾಣುತ್ತದೆ. ಬೆಲೆಗಳನ್ನು ಹೋಲಿಸಲು ಫ್ಲಾರೆನ್ಸಿನ ಆಡಳಿತ ಕೈಯಲ್ಲಿಟ್ಟುಕೊಂಡಿದ್ದ ಲೊರೆಂಜೊ ದೆ ಮೆದಿಚಿ 1492ರಲ್ಲಿ ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿ ನೋಡಿ. ಆಟದಲ್ಲೂ ಲೊರೆಂಜೊ ಇದ್ದಾನಲ್ಲ. ಚಿತ್ರಕಾರ ಫ್ರಾ ಆ್ಯಂಜೆಲಿಕೊ ಬರೆದದ್ದೆಂದು ನಮೂದಾದ ಒಂದು ದೊಡ್ಡ ದುಂಡನೆಯ ಚಿತ್ರಕ್ಕೆ 100 ಫ್ಲೋರಿನ್. ಈಗ ತಾತ್ಸಾ ಫರ್ನೇಸೆ ಎಂದು ಕರೆಯುವ, ಕಲ್ಲಿನಲ್ಲಿ ಕೊರೆದ ಪುರಾತನ ಬಟ್ಟಲಿಗೆ 10,000. ಸಿರಿವಂತಿಕೆ ತೋರಿಸಲು ಆಗಿನವರು ಮೊದಲು ಕೈಹಾಕುತ್ತಿದ್ದದ್ದು ಚಿತ್ರಕ್ಕಲ್ಲ. ಮನೆಯ ಮೌಲ್ಯವನ್ನು ಚಿತ್ರಗಳಿಂದ ಏರಿಸುವುದು ನಮ್ಮ ಕಾಲದ ಕಣ್ಣು.

ಇನ್ನು ತಿದ್ದಲೇಬೇಕಾದ ತಪ್ಪುಗಳು. ವ್ಯಾಪಾರಿ "ಫ್ರೆಸ್ಕೊಗಳನ್ನು ಮಾರುತ್ತಾನೆ" ಎಂದಿದ್ದೀರಿ. ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲೆ ಬರೆದು ಗೋಡೆಯ ಜೊತೆಗೇ ಒಣಗುವ ಚಿತ್ರ. ಕಂಕುಳಲ್ಲಿ ಇಟ್ಟು ತರಲಾಗದು. 1470ರ ದಶಕದ ಕತೆಯಲ್ಲಿ 'ವೀನಸ್ ಜನನ' ಕೊಂಡದ್ದನ್ನು ಹಾಗೇ ವರದಿ ಮಾಡಿದ್ದೀರಿ. ಬೊಟ್ಟಿಚೆಲ್ಲಿ ಅದನ್ನು ಬರೆದದ್ದು ಸುಮಾರು 1485ರಲ್ಲಿ, ಅಳತೆ 172.5 × 278.5 ಸೆಂಟಿಮೀಟರ್. ಕಾಲದ ವ್ಯತ್ಯಾಸವನ್ನು ಆಟದ ತಪ್ಪೆಂದು ಜರೆಯುವುದು ಬೇಡ, ಆದರೆ ಓದುಗರಿಗೆ ಹೇಳದೆ ಇರುವುದೂ ಬೇಡ.

ಭಾಷೆ. "ಅವನು ತನ್ನ ಅಂಗಡಿಯನ್ನು ಓಡಿಸುತ್ತಾನೆ" ಎಂದು ಬರೆದಿದ್ದೀರಿ. ಗಾಡಿ ಓಡಿಸುತ್ತೇವೆ, ಅಂಗಡಿ ನಡೆಸುತ್ತೇವೆ, ಇಡುತ್ತೇವೆ. "ಅನನ್ಯ ಅನುಭವವನ್ನು ನೀಡುತ್ತದೆ" ಎಂಬ ಮಾತು ಏಳು ಸಲ ಬಂದಿದೆ. ಏಳೂ ತೆಗೆಯಿರಿ, ಆ ಜಾಗದಲ್ಲಿ ಅಂಗಡಿಯಲ್ಲಿ ಕಂಡದ್ದನ್ನು ಬರೆಯಿರಿ. ಮೆನು, ಮಿಷನ್, ಸೇವ್ ಇವನ್ನು ಹಾಗೇ ಬಿಡಿ, ಆಡುವವರ ಬಾಯಲ್ಲಿರುವುದು ಅವೇ. "ಕಲಾ ವಣಿಜ" ಎಂದು ಯಾರೂ ಅನ್ನುವುದಿಲ್ಲ, ಕಲಾ ವ್ಯಾಪಾರಿ ಸಾಕು.

ಮೊದಲ ಎರಡು ಪುಟ, ಅಂದರೆ ಪುನರುಜ್ಜೀವನ ಎಂದರೇನು ಎಂಬ ಭಾಗ, ಪೂರ್ತಿ ಕತ್ತರಿಸಿ. ಅಂಗಡಿಯ ಮುಂದೆಯೇ ಶುರು ಮಾಡಿ: ಎಟ್ಸಿಯೊ ನಿಂತಿದ್ದಾನೆ, ಮೆನು ತೆರೆದಿದೆ, ಬೆಲೆ ಕಾಣುತ್ತಿದೆ. ಆಮೇಲೆ ನಿಮ್ಮ ಲೆಕ್ಕದ ಪಟ್ಟಿ, ಅದರ ನಂತರ ಗಿರ್ಲಾಂಡಾಯೊನ ಕರಾರು, ಕೊನೆಗೆ ರೊಸ್ಸೆಲ್ಲಿಯ ಅಂಗಡಿ. 1,500 ಪದ ದಾಟಬೇಡಿ. ಲೆಕ್ಕಕ್ಕೆ ಬಳಸಿದ ಹತ್ತು ಚಿತ್ರಗಳ ಬೆಲೆ, ಕೊಳ್ಳುವ ಮೊದಲಿನ ಮತ್ತು ಆಮೇಲಿನ ಆದಾಯದ ಸ್ಕ್ರೀನ್‌ಶಾಟ್ ಜೊತೆಗಿರಲಿ. ಅಂಕಿಗಳನ್ನು ನಾವೂ ಒಮ್ಮೆ ಆಡಿ ತಾಳೆ ನೋಡುತ್ತೇವೆ.

ಸಂಪಾದಕರು