ಬಿಲ್ ಬುಕ್ಕಿನ ಕೆಳಗಿನ ಒಂದು ಸಾಲು

"ಹೊಸ ವರ್ಷದ ಹೊತ್ತಿಗೆ ನೀವು ಯಾರನ್ನು ನೆನೆಯುತ್ತೀರಿ? ಒಮ್ಮೆ ಕೈಸುಟ್ಟುಕೊಂಡವರು ಬೇರೆ ಸಣ್ಣ ಉದ್ಯಮಿಗಳಿಗೆ ಏನು ಸಹಾಯ ಮಾಡಬಹುದು?" ಎಂದು ಕೇಳಿದ್ದೀರಿ.

ನಾನು ನೆನೆಯುವುದು ಹುಬ್ಬಳ್ಳಿಯ ಒಬ್ಬ ಜೋಳದ ವ್ಯಾಪಾರಿಯನ್ನು. ಯಾಕೆಂದು ಹೇಳಬೇಕಾದರೆ ಕೈಸುಟ್ಟ ಕಥೆ ಮೊದಲು ಹೇಳಬೇಕು.

2018ರಲ್ಲಿ ನಾನು, ನನ್ನ ಹೆಂಡತಿ ಸೇರಿ ಮನೆ ಹಿಂದಿನ ಶೆಡ್ಡಿನಲ್ಲಿ ಖಡಕ್ ರೊಟ್ಟಿ ಮಾಡಿಸಲು ಶುರು ಮಾಡಿದೆವು. ಐದು ಜನ ಹೆಣ್ಣುಮಕ್ಕಳು, ಮೂರು ಹಂಚು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ಚೆನ್ನಾಗಿ ನಾದದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರಬೇಕು. ನಮ್ಮಲ್ಲಿದ್ದ ಹಿರಿಯಕ್ಕ ಒಬ್ಬರು ಊರ ಸುದ್ದಿಯೆಲ್ಲ ಹೇಳುತ್ತಲೇ ಬಡಿಯುತ್ತಿದ್ದರು, ಆದರೂ ಹತ್ತು ರೊಟ್ಟಿ ಒಂದರ ಮೇಲೊಂದಿಟ್ಟರೆ ಅಂಚು ಕೂದಲೆಳೆಯಷ್ಟೂ ಹೊರಗೆ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುವುದು, ಬಸ್ಸಿನ ಪಾರ್ಸೆಲ್ಲಿನಲ್ಲಿ ಮುರಿಯುವುದು, ಎಲ್ಲವನ್ನೂ ಹೇಗೋ ಸಂಭಾಳಿಸಿದೆವು. ಸಂಭಾಳಿಸಲಾಗದೇ ಹೋಗಿದ್ದು ಉದ್ರಿ.

2022ರಲ್ಲಿ ಬೆಂಗಳೂರಿನ ಒಂದು ಕೇಟರಿಂಗಿನವರು ವಾರಕ್ಕೆ 3,000 ರೊಟ್ಟಿ ಕೇಳಿದರು, 7 ರೂಪಾಯಿಯಂತೆ. ಆರ್ಡರ್ ಎಲ್ಲ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜಿನಲ್ಲಿ. ಒಂದು ಚೀಟಿಯೂ ಇಲ್ಲ. ಒಂಬತ್ತು ವಾರದ ಮಾಲು ಹೋಯಿತು, 1,89,000 ರೂಪಾಯಿ ನಿಂತಿತು. "ಮುಂದಿನ ಸೋಮವಾರ ಹಾಕ್ತೀವಿ ಸಾರ್" ಎಂದು ಏಳು ತಿಂಗಳು, ಆಮೇಲೆ ಫೋನೇ ಎತ್ತಲಿಲ್ಲ. 2023ರಲ್ಲಿ ಶೆಡ್ಡು ಮುಚ್ಚಿದೆವು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ್ದ ವರ್ಷವೇ ಅದು. ಎಲ್ಲೆಲ್ಲೂ ಜೋಳದ ತೆನೆಯ ಬ್ಯಾನರು, ನಾವು ಹಂಚುಗಳನ್ನು ಟಂಟಂಗೆ ಏರಿಸುತ್ತಿದ್ದೆವು.

ಜೋಳದ ವ್ಯಾಪಾರಿಗೆ ಆಗ ನಾನು ಕೊಡಬೇಕಿದ್ದದ್ದು 46,000. ಸುದ್ದಿ ತಿಳಿದು ಮನೆಗೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡೆ. ಚಹಾ ಕುಡಿದು, "ನಿಮ್ಮ ರೊಕ್ಕ ಬಂದ ಮ್ಯಾಲ ಕೊಡ್ರಿ" ಎಂದು ಎದ್ದು ಹೋದರು. ಕಂತಿನಲ್ಲಿ ತೀರಿಸುತ್ತ ಬಂದು, ಕೊನೆಯ ಕಂತು ಕೊಟ್ಟಿದ್ದು 2025ರ ಆಗಸ್ಟಿನಲ್ಲಿ. ಆ ದಿನ ಅವರೇ ಬಾಯಿಬಿಟ್ಟರು: ನನ್ನಿಂದ ಬರಬೇಕಾದದ್ದು ಬರದೆ, ಆ ವರ್ಷ ನವಲಗುಂದ ಕಡೆಯ ಇಬ್ಬರು ರೈತರಿಗೆ ಅವರೂ ತಡ ಮಾಡಿದ್ದರಂತೆ. ಅಲ್ಲಿಯವರೆಗೆ ಮೋಸ ಹೋದವನು ನಾನೊಬ್ಬನೇ ಎಂಬ ಹಮ್ಮಿನಲ್ಲಿದ್ದೆ. ಹಾಗಾಗಿ ಅವರನ್ನು ನೆನೆದಾಗೆಲ್ಲ ಸ್ವಲ್ಪ ಚುಚ್ಚುತ್ತದೆ.

ಇನ್ನು ಸಹಾಯದ ಮಾತು. "ಸಾಲ ತಗೊಳ್ಳಿ, ಸಬ್ಸಿಡಿ ಇದೆ" ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಬ್ಸಿಡಿ ಇರುವುದು ಸುಳ್ಳಲ್ಲ. ಆದರೆ ಬರಬೇಕಾದ ಹಣ ಬರದವನಿಗೆ ಸಾಲ ಕೊಡಿಸಿದರೆ ಕಂತಿನ ಭಾರ ಬೇರೆ.

ನಮ್ಮ ಹಿರಿಯಕ್ಕ ನಾವು ಕೊಟ್ಟ ಒಂದು ಹಂಚಿನಿಂದಲೇ ಮನೆಯಲ್ಲಿ ರೊಟ್ಟಿ ಮಾರುತ್ತಿದ್ದರು. ಹೋದ ವರ್ಷ ಒಂದು ಮೆಸ್ಸಿನವರು ದಿನಕ್ಕೆ 200 ರೊಟ್ಟಿ ಕೇಳಿದಾಗ ನನ್ನ ಹತ್ತಿರ ಬಂದರು. ಅಂಗಡಿ ಹೋಗಿ ವರ್ಷಗಳಾದರೂ ನಾನು ಅವರಿಗೆ "ಸಾವ್ಕಾರ್ರ"! ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದೆವು, ವರ್ಷಕ್ಕೆ 100 ರೂಪಾಯಿ ಕಟ್ಟಿದೆವು. ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಗೆ ಅದೂ ಇಲ್ಲ, ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ಸೈಟು ಕಂಡರೆ ಮುಚ್ಚಿಬಿಡಿ. ಆಮೇಲೆ ನಂಬರ್ ಹಾಕಿದ ಬಿಲ್ ಬುಕ್ ಅಚ್ಚು ಹಾಕಿಸಲು ಹೊರಟರೆ ಅಕ್ಕ ನಕ್ಕರು: "ಬಿಲ್ ಬುಕ್ ಅಂದ್ರ ಅಂಗಡಿ ಇದ್ದವ್ರಿಗಲ್ರೀ?"

ನಾನು 1,89,000 ಕೊಟ್ಟು ಕಲಿತ ಪಾಠವನ್ನು ಆ ಬಿಲ್ಲಿನ ಕೆಳಗೆ ಒಂದು ಸಾಲಿನಲ್ಲಿ ಹಾಕಿಸಿದೆ. 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮದಿಂದ ಮಾಲು ಪಡೆದವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯವರೂ ಬಿಗಿ ಮಾಡಿದ್ದಾರೆ: ಮಾಲು ಕೊಂಡವರು ಗಡುವು ದಾಟಿ ಉಳಿಸಿಕೊಂಡ ಬಾಕಿಯನ್ನು ನಿಜವಾಗಿ ಕೊಟ್ಟ ವರ್ಷವೇ ಖರ್ಚೆಂದು ತೋರಿಸಬೇಕು. ರೊಟ್ಟಿ ಮಾಡುವವರು ಕಾಯ್ದೆ ಹಿಡಿದು ಹೊಡೆದಾಡಲು ಹೋಗುವುದಿಲ್ಲ, ಹೋದರೆ ಮರುದಿನದ ಆರ್ಡರ್ ಹೋಯಿತು. ಆದರೆ ಅಚ್ಚಾದ ಸಾಲನ್ನು ಎದುರಿನವರ ಅಕೌಂಟೆಂಟ್ ಓದುತ್ತಾನೆ. ಮೆಸ್ಸಿನವರು ಈಗ ಪ್ರತಿ ಶನಿವಾರ ಲೆಕ್ಕ ಮುಗಿಸುತ್ತಾರೆ.

ನೀವು ಇಷ್ಟೆಲ್ಲ ಓಡಾಡದಿದ್ದರೂ ನಡೆಯುತ್ತದೆ. ಪರಿಚಯದವರೆಂದು ಚೌಕಾಶಿ ಮಾಡದೆ, ಮಾಲು ಕೈಗೆ ಬಂದ ದಿನವೇ ದುಡ್ಡು ಕೊಟ್ಟರೂ ದೊಡ್ಡ ಉಪಕಾರ.

ಡಿಸೆಂಬರ್ 31ರ ಸಂಜೆ ಅಕ್ಕ ಮನೆಗೆ ಬಂದು 20 ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟರು. ಹೊಸ ವರ್ಷದ ಕೊಡುಗೆ ಎಂದು ಹೆಂಡತಿ ಹಿಗ್ಗಿದಳು. ಅಷ್ಟರಲ್ಲಿ ಅಕ್ಕನ ಸೆರಗಿನ ಗಂಟಿನಿಂದ ಮಡಚಿದ ಚೀಟಿ ಹೊರಬಂತು. ಬಿಲ್ ನಂಬರ್ 212, ಮೊತ್ತ 260 ರೂಪಾಯಿ.

"ಹದಿನೈದು ದಿನ ಟೈಮ್ ಐತ್ರಿ ಸಾವ್ಕಾರ್ರ, ಗಡಿಬಿಡಿ ಇಲ್ಲ."